ಪೋಸ್ಟ್ ಹಾಕಿದರೆ ಮಾತ್ರ ಆಟ

2026ರ ಜನವರಿ 2ರಂದು ದೇಶದ ಫುಟ್‌ಬಾಲ್ ಆಟಗಾರರ ಸಾಮಾಜಿಕ ಜಾಲತಾಣದ ಖಾತೆಗಳಲ್ಲಿ ಒಂದೇ ವಿಡಿಯೊ ಕಾಣಿಸಿಕೊಂಡಿತು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು, ಡಿಫೆಂಡರ್ ಸಂದೇಶ್ ಜಿಂಗನ್, ಎರಡು ದಶಕ ಭಾರತ ತಂಡದ ಭಾರ ಹೊತ್ತ ಸುನಿಲ್ ಚೆಟ್ರಿ, ಇಲ್ಲಿ ಆಡಲೆಂದು ಬಂದ ವಿದೇಶಿ ಆಟಗಾರರು ಸರದಿಯ ಮೇಲೆ ಕ್ಯಾಮೆರಾ ನೋಡಿ ಮಾತಾಡಿದರು. ಜನವರಿ ಬಂದಿದೆ, ನಾವು ಈ ಹೊತ್ತಿಗೆ ಲೀಗ್ ಆಡುತ್ತಾ ನಿಮ್ಮ ಟಿ.ವಿ.ಯಲ್ಲಿ ಇರಬೇಕಿತ್ತು ಎಂದರು. ಭಾರತೀಯ ಫುಟ್‌ಬಾಲ್‌ನ ಆಡಳಿತಕ್ಕೆ ತನ್ನ ಹೊಣೆ ಹೊರಲು ಆಗುತ್ತಿಲ್ಲ, ಫಿಫಾ ಮಧ್ಯೆ ಬಂದು ಈ ಆಟವನ್ನು ಉಳಿಸಲಿ ಎಂದು ಕೋರಿದರು. ಇದು ರಾಜಕೀಯದ ಮಾತಲ್ಲ, ಅನಿವಾರ್ಯದ ಮಾತು ಎಂದೂ ಸೇರಿಸಿದರು. ಆ ಕೊನೆಯ ಎಚ್ಚರವೇ ಅವರ ಅಂಜಿಕೆ ಎಷ್ಟಿತ್ತೆಂದು ತೋರಿಸುತ್ತಿತ್ತು.

ಇದಾದ ನಾಲ್ಕೇ ದಿನಕ್ಕೆ, ಜನವರಿ 6ರಂದು, ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವಿಯಾ ಇಂಡಿಯನ್ ಸೂಪರ್ ಲೀಗ್ ಫೆಬ್ರುವರಿ 14ಕ್ಕೆ ಆರಂಭವಾಗುತ್ತದೆ, 14 ಕ್ಲಬ್‌ಗಳೂ ಆಡುತ್ತವೆ ಎಂದು ಘೋಷಿಸಿದರು. ವಿಡಿಯೊದಿಂದಲೇ ಆಯಿತು ಎಂದರೆ ಅದು ಅರ್ಧ ಸತ್ಯ. ಕೋರ್ಟು, ಸಚಿವಾಲಯ, ಕ್ಲಬ್‌ಗಳ ನಡುವೆ ತಿಂಗಳುಗಳಿಂದ ಮಾತುಕತೆ ಎಳೆದಾಡುತ್ತಿತ್ತು. ಆದರೆ ಜಾಲತಾಣ ಗೆದ್ದಿತು, ಆಟಗಾರರ ಪೋಸ್ಟ್‌ಗೆ ಸರ್ಕಾರ ಓಗೊಟ್ಟಿತು ಎಂದು ಅಭಿಮಾನಿಗಳು ಸಂಭ್ರಮಪಟ್ಟರು. ಆತಂಕಪಡಬೇಕಾದ್ದು ಈ ಸಂಭ್ರಮಕ್ಕೇ. ವೃತ್ತಿಪರ ಆಟಗಾರನೊಬ್ಬ ತನ್ನ ದುಡಿಮೆಯ ಹಕ್ಕಿಗಾಗಿ ಫೋನಿನ ಮುಂದೆ ಕೈಮುಗಿಯುವುದು ನಮಗೆ ಸಹಜವಾಗಿ ಕಾಣತೊಡಗಿದೆ. ಫೆಡರೇಷನ್, ಕ್ಲಬ್, ಆಟಗಾರರ ಸಂಘ, ಪತ್ರಿಕೆ ಇವೆಲ್ಲ ಮಾಡಬೇಕಿದ್ದ ಕೆಲಸವನ್ನು ಒಂದು ಇನ್‌ಸ್ಟಾಗ್ರಾಂ ಖಾತೆ ಮಾಡುತ್ತಿದೆ. ಆಟಗಾರರು ಜಾಲತಾಣದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು ಉಪದೇಶ ಮಾಡುವವರಿಗೆ ಕೊರತೆಯಿಲ್ಲ. ಅವರನ್ನು ಅಲ್ಲಿಗೆ ಅಟ್ಟಿದವರು ಯಾರು ಎಂದು ಕೇಳುವವರು ಕಡಿಮೆ.

ಅಟ್ಟಿದ ಬಗೆಯನ್ನು ಕೊಂಚ ವಿವರವಾಗಿಯೇ ನೆನೆಯಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ ಒಪ್ಪಂದ ಮಾಡಿಕೊಟ್ಟಿತ್ತು. ರಿಲಯನ್ಸ್‌ಗೆ ಸೇರಿದ ಎಫ್‌ಎಸ್‌ಡಿಎಲ್ ಎಂಬ ಕಂಪನಿ ಈ ಒಪ್ಪಂದದಡಿ ಲೀಗ್ ನಡೆಸುತ್ತಿತ್ತು, ಫೆಡರೇಷನ್‌ಗೆ ವರ್ಷಕ್ಕೆ 50 ಕೋಟಿ ರೂಪಾಯಿ ಕೊಡುತ್ತಿತ್ತು. ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತದೆ ಎಂಬುದು ಸಹಿ ಹಾಕಿದ ದಿನದಿಂದಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ. ಹದಿನೈದು ವರ್ಷ ಸಮಯವಿತ್ತು. ಅದರೊಳಗೆ ಫೆಡರೇಷನ್‌ನ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ ಅಲ್ಲೇ ಕೂತಿತು. ಅದು ಇತ್ಯರ್ಥವಾಗದೆ ಹೊಸ ಒಪ್ಪಂದದ ಮಾತು ಮುಂದುವರಿಯುವ ಹಾಗಿರಲಿಲ್ಲ. 2025ರ ಜುಲೈ 11ರಂದು ಎಫ್‌ಎಸ್‌ಡಿಎಲ್ ಮುಂದಿನ ಋತುವನ್ನು ತಡೆಹಿಡಿದಿರುವುದಾಗಿ ತಿಳಿಸಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಚೆನ್ನೈನ ಕ್ಲಬ್ಬೂ ಚಟುವಟಿಕೆ ನಿಲ್ಲಿಸಿತು. ಸೆಪ್ಟೆಂಬರ್ 19ಕ್ಕೆ ಸುಪ್ರೀಂ ಕೋರ್ಟ್ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು, ಟೆಂಡರ್ ಕರೆದರು. ನವೆಂಬರ್‌ನಲ್ಲಿ ಗಡುವು ಮುಗಿದಾಗ ಪೆಟ್ಟಿಗೆಯಲ್ಲಿ ಒಂದು ಬಿಡ್ ಕೂಡ ಇರಲಿಲ್ಲ.

ಒಂದು ಬಿಡ್ ಕೂಡ ಇರಲಿಲ್ಲ ಎಂಬುದನ್ನು ಓದಿ ಹಾಗೇ ಮುಂದೆ ಹೋಗುವ ಹಾಗಿಲ್ಲ. ನೂರಾನಲವತ್ತು ಕೋಟಿ ಜನರ ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗನ್ನು ನಡೆಸಲು, ಕೇಳಿದ ಷರತ್ತುಗಳ ಮೇಲೆ, ಯಾರಿಗೂ ಮನಸ್ಸಿರಲಿಲ್ಲ. ಅದೇ ತಿಂಗಳು ಭಾರತ ತಂಡ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ ಸೋತಿತು, 22 ವರ್ಷಗಳಲ್ಲಿ ಮೊದಲ ಬಾರಿಗೆ. ಫಿಫಾ ಪಟ್ಟಿಯಲ್ಲಿ 142ನೇ ಸ್ಥಾನಕ್ಕೆ ಇಳಿಯಿತು; 2023ರ ಮಧ್ಯದಲ್ಲಿ ಇದೇ ತಂಡ ಮೊದಲ ನೂರರ ಒಳಗಿತ್ತು. 2027ರ ಏಷ್ಯಾ ಕಪ್‌ಗೆ ಅರ್ಹತೆಯೂ ಕೈತಪ್ಪಿತ್ತು. ಡಿಸೆಂಬರ್ ಕೊನೆಗೆ ಮ್ಯಾಂಚೆಸ್ಟರ್ ಸಿಟಿಯ ಒಡೆತನದ ಗುಂಪು ಮುಂಬೈ ಕ್ಲಬ್ಬಿನಿಂದ ಕೈತೊಳೆದುಕೊಂಡು ಹೊರಟಿತು. ಈ ಎಲ್ಲದರ ನಡುವೆ ಆಟಗಾರರು ಬೆಳಿಗ್ಗೆ ಎದ್ದು ಓಡುತ್ತಿದ್ದರು, ಯಾವ ಪಂದ್ಯಕ್ಕೆ ಎಂದು ಗೊತ್ತಿಲ್ಲದೆ. ನವೆಂಬರ್ 11ರಂದು ಅವರು ಒಟ್ಟಾಗಿ ಒಂದು ಹೇಳಿಕೆಯನ್ನು ತಂತಮ್ಮ ಖಾತೆಗಳಲ್ಲಿ ಹಾಕಿದರು. ನಮಗೆ ಆಡಬೇಕು, ಈಗಲೇ ಆಡಬೇಕು ಎಂಬುದಷ್ಟೇ ಅದರ ಬೇಡಿಕೆ. ಸಿಟ್ಟು, ನಿರಾಸೆ, ಸಂಕಟ ಎಲ್ಲವನ್ನೂ ದಾಟಿ ದಿಕ್ಕು ತೋಚದ ಸ್ಥಿತಿಗೆ ಬಂದಿದ್ದೇವೆ ಎಂದು ಅದರಲ್ಲಿ ಬರೆದಿದ್ದರು. ಅದಕ್ಕೆ ಉತ್ತರ ಬರಲಿಲ್ಲ. ಹಾಗಾಗಿ ಜನವರಿಯಲ್ಲಿ ಮುಖ ತೋರಿಸಿ ಮಾತಾಡಬೇಕಾಯಿತು.

ಇಂಥ ವಿಡಿಯೊಗಳ ಚರಿತ್ರೆ ನಮ್ಮಲ್ಲಿ 2018ರ ಜೂನ್‌ಗೆ ಹೋಗುತ್ತದೆ. ಮುಂಬೈನ ಅಂಧೇರಿಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ರಿಂದ ಸೋಲಿಸಿತು, ಚೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದವರು ಎರಡೂವರೆ ಸಾವಿರದ ಆಸುಪಾಸು. ಮರುದಿನ ಚೆಟ್ರಿ ಒಂದು ವಿಡಿಯೊ ಹಾಕಿದರು: ಬೈಯಿರಿ, ಟೀಕಿಸಿ, ಯುರೋಪಿನ ಕ್ಲಬ್‌ಗಳನ್ನೇ ಪ್ರೀತಿಸಿ, ಆದರೆ ಮೈದಾನಕ್ಕೆ ಬಂದು ನಮ್ಮನ್ನೊಮ್ಮೆ ನೋಡಿ. ಅದನ್ನು ವಿರಾಟ್ ಕೊಹ್ಲಿಯಂಥವರು ಹಂಚಿಕೊಂಡರು. ಜೂನ್ 4ರಂದು ಕೀನ್ಯಾ ಎದುರು, ಚೆಟ್ರಿಯ ನೂರನೇ ಪಂದ್ಯಕ್ಕೆ, ಟಿಕೆಟ್ ಎಲ್ಲ ಖಾಲಿ. ಮಳೆಯಲ್ಲಿ ನೆನೆಯುತ್ತಾ ಜನ ಕೂಗಿದರು, ಭಾರತ 3–0ರಿಂದ ಗೆದ್ದಿತು. ಆ ವಿಡಿಯೊದಲ್ಲಿ ನಾಯಕನೊಬ್ಬ ತನ್ನ ಜನರನ್ನು ಸಲುಗೆಯಿಂದ ಗದರಿಸಿ ಕರೆದಿದ್ದ. ಅದರಲ್ಲಿ ಆತ್ಮಗೌರವವಿತ್ತು, ಜನರ ಮೇಲೆ ನಂಬಿಕೆಯಿತ್ತು. ಜಾಲತಾಣವನ್ನು ಆಟಗಾರ ಬಳಸಬಹುದಾದ ಅತ್ಯುತ್ತಮ ರೀತಿ ಅದು ಎಂದು ಆಗ ಎಲ್ಲರೂ ಹೊಗಳಿದರು. ಹೊಗಳಿಕೆ ಸರಿಯೇ. ಆದರೆ ಟಿಕೆಟ್ ಮಾರುವುದು, ಪ್ರಚಾರ ಮಾಡುವುದು ಫೆಡರೇಷನ್‌ನ ಕೆಲಸ, ನಾಯಕನದಲ್ಲ ಎಂದು ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಐದು ವರ್ಷದ ನಂತರ ಇದೇ ದಾರಿಯನ್ನು ಕೋಚ್ ಹಿಡಿದರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಏಷ್ಯಾದ ಮೊದಲ ಎಂಟು ಸ್ಥಾನದಲ್ಲಿ ಇಲ್ಲದ ತಂಡಗಳನ್ನು ಕಳಿಸುವುದಿಲ್ಲ ಎಂಬ ಕ್ರೀಡಾ ಸಚಿವಾಲಯದ ನಿಯಮ ಫುಟ್‌ಬಾಲ್ ತಂಡಕ್ಕೆ ಅಡ್ಡ ಬಂದಿತ್ತು. 2023ರ ಜುಲೈಯಲ್ಲಿ ಕೋಚ್ ಇಗೊರ್ ಸ್ಟಿಮ್ಯಾಕ್ ಪ್ರಧಾನಿಗೆ ಬರೆದ ಪತ್ರವನ್ನು ಟ್ವಿಟರ್‌ನಲ್ಲೇ ಪ್ರಕಟಿಸಿದರು. ಹತ್ತು ದಿನದೊಳಗೆ ನಿಯಮ ಸಡಿಲವಾಯಿತು. ಗೆಲುವು ಎಂದೇ ಎಲ್ಲರೂ ಕರೆದರು. ಸೆಪ್ಟೆಂಬರ್‌ನಲ್ಲಿ ಏನಾಯಿತು? ಆಟಗಾರರನ್ನು ಬಿಡಲು ಕ್ಲಬ್‌ಗಳು ತಕರಾರು ತೆಗೆದವು, ತಂಡವನ್ನು ಕೊನೆಯ ಗಳಿಗೆಯಲ್ಲಿ ಹೇಗೋ ಹೊಂದಿಸಿದರು. ಪಂದ್ಯದ ಹಿಂದಿನ ದಿನವಷ್ಟೇ ಚೀನಾ ನೆಲದಲ್ಲಿ ಇಳಿದ ತಂಡ ಆತಿಥೇಯರ ಎದುರು 1–5ರಿಂದ ಸೋತಿತು. ಅಂದು ಭಾರತದ ಏಕೈಕ ಗೋಲು ರಾಹುಲ್ ಕೆ.ಪಿ. ಹೊಡೆದದ್ದು, ನೋಡಿದವರು ಮರೆಯುವಂಥದಲ್ಲ. ಪೋಸ್ಟ್ ವಿಮಾನದ ಟಿಕೆಟ್ ಕೊಡಿಸಬಹುದು, ಶಿಬಿರ ನಡೆಸಿಕೊಡುವುದಿಲ್ಲ.

2018ರ ವಿಡಿಯೊ ಜನರನ್ನು ಉದ್ದೇಶಿಸಿತ್ತು. 2023ರ ಪತ್ರ ಪ್ರಧಾನಿಯನ್ನು. 2026ರದ್ದು ಜ್ಯೂರಿಕ್‌ನಲ್ಲಿರುವ ಫಿಫಾವನ್ನು. ವಿಳಾಸ ದೂರವಾದಷ್ಟೂ ಹತ್ತಿರದವರ ಮೇಲಿನ ಭರವಸೆ ಕರಗಿದೆ. ದೆಹಲಿಯ ದ್ವಾರಕಾದಲ್ಲಿರುವ ಫೆಡರೇಷನ್‌ನ ಕಚೇರಿ ಫುಟ್‌ಬಾಲ್ ಹೌಸ್‌ಗೆ ಯಾರೂ ಮನವಿ ಮಾಡಿಕೊಳ್ಳಲಿಲ್ಲ.

ಇಂಗ್ಲೆಂಡಿನಲ್ಲಿ ಚಿತ್ರ ತಿರುವುಮುರುವು. ಅಲ್ಲಿ ಆಟಗಾರನ ಫೋನಿನ ಮೇಲೆ ಫುಟ್‌ಬಾಲ್ ಅಸೋಸಿಯೇಷನ್ ಕಣ್ಣಿಟ್ಟಿರುತ್ತದೆ. ರೆಫರಿ ಹೊವರ್ಡ್ ವೆಬ್ ಮ್ಯಾಂಚೆಸ್ಟರ್ ಯುನೈಟೆಡ್ ಅಂಗಿ ತೊಟ್ಟಂತೆ ತಿದ್ದಿದ ಚಿತ್ರ ಹಂಚಿದ್ದಕ್ಕೆ 2011ರಲ್ಲೇ ಲಿವರ್‌ಪೂಲ್‌ನ ರಯಾನ್ ಬಾಬೆಲ್‌ಗೆ 10,000 ಪೌಂಡ್ ದಂಡ ಬಿತ್ತು. ಆಮೇಲೆ ದಂಡ, ನಿಷೇಧಗಳ ಸಾಲೇ ಬೆಳೆಯಿತು. ಹೆದರಿದ ಆಟಗಾರರು ತಮ್ಮ ಖಾತೆಗಳನ್ನು ಏಜೆನ್ಸಿಗಳ ಕೈಗೆ ಕೊಟ್ಟರು. 2016ರಲ್ಲಿ ಸಂಡರ್ಲೆಂಡ್‌ನ ವಿಕ್ಟರ್ ಅನಿಚೆಬೆ ಸೋಲಿನ ನಂತರ ಹಾಕಿದ ಪೋಸ್ಟಿನಲ್ಲಿ, ‘ಈ ತರಹ ಏನಾದರೂ ಬರೆಯಲು ಆಗುತ್ತಾ’ ಎಂಬರ್ಥದ ಏಜೆನ್ಸಿಯ ಸೂಚನೆಯೂ ಅಳಿಸದೆ ಉಳಿದುಬಿಟ್ಟಿತ್ತು. ಅಭಿಮಾನಿಗಳಿಗೆ ಧನ್ಯವಾದ, ಹುಡುಗರ ಪ್ರಯತ್ನಕ್ಕೆ ಮೆಚ್ಚುಗೆ, ಮುಂದೆ ನೋಡೋಣ ಎಂಬ ಧಾಟಿ. ಜಗತ್ತು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಉಳಿದ ಆಟಗಾರರ ಪೋಸ್ಟ್‌ಗಳೂ ಅದೇ ಕಾರ್ಖಾನೆಯಿಂದ ಬರುತ್ತಿದ್ದವು ಎಂಬುದು ನಗುವಿನಲ್ಲಿ ತೇಲಿಹೋಯಿತು. ಅದೂ ಒಂದು ಅವನತಿಯೇ, ಆದರೆ ಹೊಟ್ಟೆ ತುಂಬಿದವರ ಅವನತಿ. ನಮ್ಮ ಆಟಗಾರರ ಜನವರಿಯ ವಿಡಿಯೊದಲ್ಲಿ ಯಾವ ಏಜೆನ್ಸಿಯ ಸೂಚನೆಯೂ ಬೇಕಿರಲಿಲ್ಲ. ಸಂಬಳ ನಿಂತವನಿಗೆ ಮಾತು ಯಾರೂ ಬರೆದುಕೊಡಬೇಕಿಲ್ಲ.

ಮೊರೆಯನ್ನು ಹೊತ್ತೊಯ್ಯುವ ಕಾಲುವೆಯಲ್ಲೇ ಕೊಚ್ಚೆಯೂ ಹರಿದು ಬರುತ್ತದೆ. 2021ರ ಏಪ್ರಿಲ್ 30ರಿಂದ ಮೇ 3ರವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಲೋಕ ನಿಂದನೆಯನ್ನು ಪ್ರತಿಭಟಿಸಿ ಜಾಲತಾಣಗಳನ್ನು ಬಹಿಷ್ಕರಿಸಿತು. ಜುಲೈಯಲ್ಲಿ ಯುರೋ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿದ ರಾಶ್‌ಫೋರ್ಡ್, ಸಾಂಚೊ, ಸಾಕಾ ಅವರ ಮೇಲೆ ಜನಾಂಗೀಯ ನಿಂದನೆಯ ಮಳೆಯೇ ಸುರಿಯಿತು. ನಾವೇನೂ ಹಿಂದೆ ಬಿದ್ದಿಲ್ಲ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟಿಕೊಳ್ಳುವ ಮುಂಚೆಯೇ ಚೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಎದುರಾಳಿ ತಂಡ ಮೈದಾನ ಬಿಟ್ಟು ನಡೆಯಿತು. ಆ ಗೋಲಿನ ನ್ಯಾಯ ಅನ್ಯಾಯವನ್ನು ಫುಟ್‌ಬಾಲ್ ಪ್ರಿಯರು ಇಂದಿಗೂ ವಾದಿಸುತ್ತಾರೆ, ವಾದಿಸಲಿ. ಆದರೆ ಆ ರಾತ್ರಿ ಚೆಟ್ರಿಯ ಖಾತೆಯ ಕೆಳಗೆ ಜಮಾಯಿಸಿದ ಬೈಗುಳ ವಾದವಾಗಿರಲಿಲ್ಲ. ಇದಕ್ಕೂ ಒಂದು ವರ್ಷ ಮೊದಲು ಜಿಂಗನ್ ಪಂದ್ಯ ಮುಗಿಸಿ ಹೊರಬರುವಾಗ ಹೆಂಗಸರ ಜೊತೆ ಆಡಿದ ಹಾಗಾಯಿತು ಎಂಬರ್ಥದ ಮಾತಾಡಿ ಸಿಕ್ಕಿಬಿದ್ದಿದ್ದರು. ಮಾತು ಹೀನವಾಗಿತ್ತು, ಕ್ಷಮೆ ಕೇಳಿದರು, ಕೇಳಲೇಬೇಕಿತ್ತು. ಆದರೆ ಅದಕ್ಕೆ ಸಿಟ್ಟಾದವರಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ನೋಡುವವರು ಎಷ್ಟು ಜನ ಎಂಬ ಅನುಮಾನ ನಮಗೆ ಇಂದಿಗೂ ಹೋಗಿಲ್ಲ.

ಇನ್ನೊಂದು ಘಟನೆಯೂ ಅದೇ ಕಂಠೀರವದ್ದು. 2023ರ ಜುಲೈ 4, ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್. ಪೆನಾಲ್ಟಿಯಲ್ಲಿ ಕುವೈತ್ ಅನ್ನು ಮಣಿಸಿದ ಸಂತಸದಲ್ಲಿ ಬೆಂಗಳೂರಿನ ಪ್ರೇಕ್ಷಕರು ಕುಣಿಯುತ್ತಿದ್ದಾಗ ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್ ಏಳು ಬಣ್ಣದ ಮೈತೇಯಿ ಬಾವುಟ ಹೊದ್ದು ಪದಕ ಪಡೆಯಲು ಹೋದರು. ಮಣಿಪುರ ಆಗ ಎರಡು ತಿಂಗಳಿಂದ ಹೊತ್ತಿ ಉರಿಯುತ್ತಿತ್ತು. ತಂಡದಲ್ಲಿದ್ದ ಎಷ್ಟೋ ಹುಡುಗರ ಊರು ಅದು. ಜಾಲತಾಣ ರೊಚ್ಚಿಗೆದ್ದಿತು. ಅದೇ ಜಾಲತಾಣದಲ್ಲೇ ಜೀಕ್ಸನ್ ಸಮಜಾಯಿಷಿ ಬರೆದರು: ಯಾರ ಭಾವನೆಯನ್ನೂ ನೋಯಿಸುವ ಉದ್ದೇಶವಿರಲಿಲ್ಲ, ನನ್ನ ರಾಜ್ಯದ ಕಡೆ ಗಮನ ಸೆಳೆಯಬೇಕಿತ್ತು, ಶಾಂತಿ ಬೇಕು. ಎರಡು ಸಮುದಾಯ ಪರಸ್ಪರ ಕೊಲ್ಲುತ್ತಿರುವಾಗ ಒಂದರ ಬಾವುಟ ಹೊದೆಯುವುದು ಜಾಣತನವಲ್ಲ, ಅದನ್ನು ಹೇಳಲೇಬೇಕು. ಆದರೆ ಆ ಎರಡು ವಾರ ಬೆಂಗಳೂರಿನಲ್ಲೇ ಇದ್ದ ಆ ಹುಡುಗರ ಹತ್ತಿರ ಹೋಗಿ ಮನೆಯವರು ಹೇಗಿದ್ದಾರೆ ಎಂದು ಕೇಳಿದ ವರದಿಗಳು ಎಷ್ಟು ಬಂದವು? ಕೇಳುವವರಿಲ್ಲದಾಗ ಇಪ್ಪತ್ತೆರಡು ವರ್ಷದ ಹುಡುಗ ಬಟ್ಟೆಯ ಮೂಲಕ ಮಾತಾಡುತ್ತಾನೆ, ಆಮೇಲೆ ನಾಲ್ಕು ಸಾಲಿನಲ್ಲಿ ಅದಕ್ಕೆ ಅರ್ಥ ಬರೆಯುತ್ತಾನೆ. ನಾಲ್ಕು ಸಾಲು ಸಾಲುವ ವಿಷಯವಲ್ಲ ಅದು.

ಚೆಟ್ರಿ ಮಾತಾಡಿದರೆ ಲಕ್ಷಾಂತರ ಜನ ಕೇಳುತ್ತಾರೆ. ಹಿಂಬಾಲಕರ ಸಂಖ್ಯೆಯೇ ಅಹವಾಲಿನ ತೂಕವಾದರೆ, ಹಿಂಬಾಲಕರಿಲ್ಲದವನು ಏನು ಮಾಡಬೇಕು? ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಫುಟ್‌ಬಾಲನ್ನು ಆ ಮಟ್ಟಕ್ಕೆ ಹಚ್ಚಿಕೊಂಡ ಬೀದಿಗಳು ಅವು. ಆಸ್ಟಿನ್ ಟೌನ್‌ನ ಗಲ್ಲಿಗಳೂ ಹಾಗೆಯೇ. ಅಲ್ಲಿಂದ ಬಂದು ಸೂಪರ್ ಡಿವಿಷನ್‌ನಲ್ಲೋ ಎ ಡಿವಿಷನ್‌ನಲ್ಲೋ ಆಡುವ ಹುಡುಗನಿಗೆ ಕ್ಲಬ್ ದುಡ್ಡು ಕೊಡದಿದ್ದರೆ ಅವನೂ ವಿಡಿಯೊ ಮಾಡಬಹುದು. ಅವನ ಗೆಳೆಯರು ನೋಡುತ್ತಾರೆ, ಕ್ಲಬ್ಬಿನ ಮ್ಯಾನೇಜರೂ ನೋಡುತ್ತಾನೆ, ಮುಂದಿನ ವರ್ಷ ಅವನನ್ನು ಯಾವ ಕ್ಲಬ್ಬೂ ಕರೆಯುವುದಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ ಗೆಲುವಿನ ನಂತರ 54 ವರ್ಷಕ್ಕೆ ಒಲಿದ ಪ್ರಶಸ್ತಿ. ಆ ತಂಡದ ಹನ್ನೊಂದು ಜನರಲ್ಲಿ ಮೂವರ ಹೆಸರು ಥಟ್ಟನೆ ಹೇಳಬಲ್ಲ ಕನ್ನಡಿಗರು ಎಷ್ಟಿದ್ದಾರೆ? ಅವರಿಗೆ ನಾಳೆ ಅನ್ಯಾಯವಾದರೆ ಅವರ ಪೋಸ್ಟ್ ಯಾವ ಸಚಿವರ ಫೋನನ್ನೂ ತಲುಪುವುದಿಲ್ಲ. ಪೋಸ್ಟ್ ಹಾಕಿ ನ್ಯಾಯ ಪಡೆಯುವ ವ್ಯವಸ್ಥೆ ಪ್ರಜಾಪ್ರಭುತ್ವದ ಹಾಗೆ ಕಾಣುತ್ತದೆ. ನಿಜದಲ್ಲಿ ಅದು ಹಳೆಯ ಕಾಲದ ದರ್ಬಾರು, ಅರಮನೆಯ ಬಾಗಿಲವರೆಗೆ ಹೋಗಬಲ್ಲವನಿಗೆ ಮಾತ್ರ ದೊರೆಯ ದರ್ಶನ.

ಆಟಗಾರರಿಗೆ ಮಾತಾಡಲು ಬೇರೆ ಜಾಗವೇ ಇರಲಿಲ್ಲವೆ? ಇರಬಹುದಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿ ಫೆಡರೇಷನ್ ಚುನಾವಣೆಯಲ್ಲಿ 36 ಮಾಜಿ ಆಟಗಾರರಿಗೆ ಮತದ ಹಕ್ಕು ಕೊಡಲು ಹೊರಟಿತ್ತು. ಫಿಫಾ ಒಪ್ಪಲಿಲ್ಲ. ಆಗಸ್ಟ್ 15ರಂದು ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಭಾರತವನ್ನೇ ಅಮಾನತು ಮಾಡಿತು. ಅಮಾನತು ತೆಗೆಸಲು ಆಟಗಾರರ ಮತವನ್ನು ಬಲಿ ಕೊಡಲಾಯಿತು, ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳಷ್ಟೇ ಮತ ಹಾಕಿದರು. ಸೆಪ್ಟೆಂಬರ್ 2ರಂದು ಕಲ್ಯಾಣ್ ಚೌಬೆ 33–1ರಿಂದ ಭೈಚುಂಗ್ ಭುಟಿಯಾರನ್ನು ಸೋಲಿಸಿದರು. ಚೌಬೆಯೂ ಒಂದು ಕಾಲದ ಗೋಲ್‌ಕೀಪರ್ ಎಂಬುದು ನಿಜ, ಆದರೆ ಭಾರತ ತಂಡವನ್ನು ವರ್ಷಗಟ್ಟಲೆ ಮುನ್ನಡೆಸಿದವನಿಗೆ ಒಂದೇ ಮತ ಸಿಕ್ಕಿತು ಎಂಬುದೂ ನಿಜ. ಉಪಾಧ್ಯಕ್ಷರಾದವರು ನಮ್ಮದೇ ಕರ್ನಾಟಕದ ಎನ್.ಎ. ಹ್ಯಾರಿಸ್. ಮತಪೆಟ್ಟಿಗೆಯಿಂದ ಆಟಗಾರರನ್ನು ಹೊರಗಿಟ್ಟ ಅದೇ ಫಿಫಾಕ್ಕೆ ನಾಲ್ಕು ವರ್ಷವೂ ತುಂಬುವ ಮೊದಲು ಆಟಗಾರರು ಮೊರೆಯಿಟ್ಟರು ಎಂಬ ವ್ಯಂಗ್ಯವನ್ನು ಆ ವಿಡಿಯೊ ಹಂಚಿಕೊಂಡವರಲ್ಲಿ ಹೆಚ್ಚಿನವರು ಗಮನಿಸಿದಂತಿಲ್ಲ.

ಭುಟಿಯಾ ಮುಂದಾಳತ್ವದಲ್ಲಿ 2006ರಲ್ಲಿ ಹುಟ್ಟಿದ ಆಟಗಾರರ ಸಂಘವೂ ಇದೆ. ಇಡೀ ಬಿಕ್ಕಟ್ಟಿನಲ್ಲಿ ಮೇಜಿನ ಒಂದು ಬದಿಗೆ ಕೂತು ಚೌಕಾಸಿ ಮಾಡಬೇಕಿದ್ದದ್ದು ಅದು. ಕ್ಲಬ್‌ಗಳು, ಸಚಿವಾಲಯ, ಫೆಡರೇಷನ್ ಮಾತುಕತೆ ನಡೆಸಿದವು. ಆಟಗಾರರು ಅದರ ಫಲಿತಾಂಶವನ್ನು ಫೋನಿನಲ್ಲಿ ಓದಿ ತಿಳಿದುಕೊಂಡರು. ಸಂಘ ಗಟ್ಟಿಯಿಲ್ಲದಿರುವುದಕ್ಕೆ ಆಟಗಾರರದ್ದೂ ಪಾಲಿದೆ. ದುಡ್ಡು ಬರುತ್ತಿದ್ದ ಹತ್ತು ವರ್ಷ ದೊಡ್ಡ ಹೆಸರಿನವರು ತಮ್ಮ ಖಾತೆಯಲ್ಲಿ ಬೂಟು, ಪಾನೀಯ, ಫೋನುಗಳ ಜಾಹೀರಾತಿಗೆ ಕೊಟ್ಟ ಜಾಗದಲ್ಲಿ ಸ್ವಲ್ಪವನ್ನು ಸಂಘಕ್ಕೆ ಕೊಟ್ಟಿದ್ದರೆ, ಐ–ಲೀಗ್‌ನಲ್ಲಿ ಸಂಬಳ ಬಾಕಿ ಎಂದು ಒದ್ದಾಡುತ್ತಿದ್ದ ಸಣ್ಣ ಆಟಗಾರನ ಪರವಾಗಿ ಒಂದು ಮಾತು ಬರೆದಿದ್ದರೆ, ತಮ್ಮ ಸರದಿ ಬಂದಾಗ ಇಷ್ಟು ಒಂಟಿಯಾಗುತ್ತಿರಲಿಲ್ಲ.

ಲೀಗ್‌ನ ಹೊಸ ವೇಳಾಪಟ್ಟಿಯಲ್ಲಿ ಒಟ್ಟು 91 ಪಂದ್ಯ, ಪ್ರತಿ ತಂಡ ಉಳಿದವುಗಳೊಂದಿಗೆ ಒಮ್ಮೆ ಮಾತ್ರ ಆಡುವ ಕತ್ತರಿಸಿದ ಋತು. ಬಿಕ್ಕಟ್ಟು ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೀರ್ಘಾವಧಿಯ ವಾಣಿಜ್ಯ ಒಪ್ಪಂದದ ಕರಾರುಗಳನ್ನು ಫೆಡರೇಷನ್ ಸಾರ್ವಜನಿಕವಾಗಿ ಪ್ರಕಟಿಸಲಿ. ಋತು ಶುರುವಾಗುವ ಮುನ್ನವೇ ಇಡೀ ವರ್ಷದ ಸಂಬಳಕ್ಕೆ ಬ್ಯಾಂಕ್ ಖಾತರಿ ಇಡದ ಕ್ಲಬ್ಬಿಗೆ ಪರವಾನಗಿ ಕೊಡದಿರಲಿ. ಬಾಕಿ ಸಂಬಳದ ದೂರುಗಳನ್ನು ಗೊತ್ತಾದ ದಿನಗಳೊಳಗೆ ಇತ್ಯರ್ಥಪಡಿಸಲಿ. ಹೊಸ ಸಂವಿಧಾನದಲ್ಲಿ ಮಾಜಿ ಆಟಗಾರರಿಗೆ ಕೊಟ್ಟಿರುವ ಸ್ಥಾನಗಳನ್ನು ಪದಾಧಿಕಾರಿಗಳ ಆಪ್ತರಿಂದ ತುಂಬುವ ಚಾಳಿಗೆ ಅವಕಾಶ ಕೊಡದಿರಲಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಂತೂ ದೆಹಲಿಗೆ ಕಾಯಬೇಕಾದ್ದಿಲ್ಲ. ಬೆಂಗಳೂರಿನ ಡಿವಿಷನ್ ಲೀಗ್‌ಗಳಲ್ಲಿ ಆಡುವ ಪ್ರತಿ ಹುಡುಗ, ಹುಡುಗಿಯ ಕೈಗೆ ಸಹಿಯಾದ ಒಪ್ಪಂದದ ಪ್ರತಿ ಸಿಗುವಂತೆ, ಹಣ ಬಾರದಿದ್ದರೆ ದೂರು ಕೊಡಲು ಕಚೇರಿಯಲ್ಲಿ ಒಬ್ಬ ಹೊಣೆಗಾರ ಇರುವಂತೆ, ಆ ದೂರಿಗೆ ಲಿಖಿತ ಉತ್ತರ ಬರುವಂತೆ ಮಾಡಲು ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕಿಲ್ಲ, ಕಾರ್ಯಕಾರಿ ಸಮಿತಿಯ ಒಂದು ಸಭೆ ಸಾಕು.